ಮೂರು ನಿಮಿಷದ ಎಡೆ

ಮಂಚಮ್ಮನಿಗೆ ಅವಸರದ ಅಡುಗೆ ಅಂದರೆ ಮೈಗಾಗುವುದಿಲ್ಲ. ನಂಜನಗೂಡಿನಿಂದ ಹುಲ್ಲಹಳ್ಳಿಗೆ ಹೋಗುವ ರಸ್ತೆಯಲ್ಲಿ, ಕೈತೋರಿಸಿದ ಕಡೆಯೆಲ್ಲ ಬಸ್ಸು ನಿಲ್ಲುವ ಒಂದು ಊರು ಅವಳದು. ಆ ಊರಿನ ಸರ್ಕಾರಿ ಶಾಲೆಯಲ್ಲಿ ಹದಿನೆಂಟು ವರ್ಷದಿಂದ ಬಿಸಿಯೂಟ ಬೇಯಿಸುವವಳು ಇವಳೇ. ನೂರ ನಲವತ್ತು ಮಕ್ಕಳು. ಒಂಬತ್ತೂವರೆಗೆ ಬೇಳೆ ಒಲೆಗೇರಿದರೆ ಹನ್ನೆರಡೂವರೆಗೆ ಸಾಂಬಾರು ಇಳಿಯಬೇಕು. ಅದಕ್ಕಿಂತ ಮುಂಚೆ ಇಳಿದರೆ ಅದು ಬೇಳೆ ತೊಳೆದ ನೀರೇ ಹೊರತು ಸಾಂಬಾರಲ್ಲ ಅಂತ ಅವಳ ತೀರ್ಮಾನ. ಎರಡು ನಿಮಿಷದ ನೂಡಲ್ಸಿನ ಪೊಟ್ಟಣ ಕಂಡರೂ ಮೂಗು ಮುರಿಯುವವಳು.

ಅಂಥವಳು ಹೋದ ವರ್ಷ ಪಕ್ಷದ ಹಬ್ಬಕ್ಕೆ ಥಾಯ್ಲೆಂಡಿನ ಅಡುಗೆ ಮಾಡುತ್ತೇನೆ, ಅದೂ ಮೂರೇ ನಿಮಿಷದಲ್ಲಿ ಆಗುವಂಥದ್ದು, ಅಂತ ಹೊರಟಳು. ಊರಿನವರು ನಗದೆ ಇರುತ್ತಾರೆಯೇ? ನಕ್ಕರು. ನಗಲಿ ಬಿಡಿ, ಅವರಿಗೇನು ಗೊತ್ತು.

ಪಕ್ಷದ ಹಬ್ಬ ಅಂದರೆ ನಮ್ಮ ಕಡೆ ಹಿರೀಕರ ಹಬ್ಬ. ಮಹಾಲಯ ಅಮಾವಾಸ್ಯೆಯ ದಿನ ಸತ್ತವರ ಹೆಸರಿನಲ್ಲಿ ಹೊಸ ಬಟ್ಟೆ ಇಟ್ಟು, ಬಾಳೆಲೆ ಹಾಕಿ, ಬದುಕಿದ್ದಾಗ ಅವರು ಏನೇನು ಇಷ್ಟಪಟ್ಟು ತಿನ್ನುತ್ತಿದ್ದರೋ ಅದನ್ನೆಲ್ಲ ಎಡೆ ಇಕ್ಕುತ್ತಾರೆ. ಬಾಡು ತಿನ್ನುತ್ತಿದ್ದವರಿಗೆ ಬಾಡು, ಬೀಡಿ ಸೇದುತ್ತಿದ್ದವರಿಗೆ ಬೀಡಿ. ಸಾಂಬ್ರಾಣಿ ಹೊಗೆ ಹಾಕಿ, ಬಾಗಿಲು ಎಳೆದುಕೊಂಡು ಮನೆಮಂದಿಯೆಲ್ಲ ಸ್ವಲ್ಪ ಹೊತ್ತು ಜಗಲಿಯಲ್ಲಿ ಕೂರುತ್ತಾರೆ. ಹಿರೀಕರು ಬಂದು ಉಂಡು ಹೋದರು ಅಂತ ಆದಮೇಲೆ ಒಳಗೆ ಹೋಗಿ, ಆ ಎಡೆಯನ್ನೇ ಎಲ್ಲರೂ ಹಂಚಿಕೊಂಡು ಉಣ್ಣುವುದು. ಇಷ್ಟಪಟ್ಟದ್ದು ಒಂದು ಬಿಟ್ಟುಹೋದರೂ ಅವರು ಅರೆಹೊಟ್ಟೆಯಲ್ಲಿ ವಾಪಸು ಹೋಗುತ್ತಾರಂತೆ. ಇನ್ನೊಂದು ಕಟ್ಟು ಇದೆ. ಎಡೆಗೆ ಇಕ್ಕುವ ಅಡುಗೆಯನ್ನು ಮೊದಲು ಯಾರೂ ಬಾಯಿಗೆ ಇಡುವಂತಿಲ್ಲ. ಉಪ್ಪು ನೋಡಲಿಕ್ಕೂ ಇಲ್ಲ, ಖಾರ ನೋಡಲಿಕ್ಕೂ ಇಲ್ಲ.

ಶಾಲೆಯಲ್ಲಿ ಇದಕ್ಕೆ ತದ್ವಿರುದ್ಧ. ಅಲ್ಲಿ ಅಡುಗೆಯವಳು ಮೊದಲು ತಿಂದು ನೋಡಿ, ಮೇಷ್ಟ್ರು ತಿಂದು ನೋಡಿ, ಪುಸ್ತಕದಲ್ಲಿ ಸಹಿ ಬಿದ್ದಮೇಲೆಯೇ ಮಕ್ಕಳ ತಟ್ಟೆಗೆ ಬೀಳಬೇಕು. ಮಂಚಮ್ಮ ಎರಡನ್ನೂ ತಪ್ಪದೆ ನಡೆಸಿಕೊಂಡು ಬಂದವಳು. ಮುದ್ದೆ, ಸಾರು, ಕಜ್ಜಾಯ ಇವಕ್ಕೆಲ್ಲ ಅವಳು ರುಚಿ ನೋಡಬೇಕಾಗಿಯೂ ಇಲ್ಲ, ಕೈಗೇ ಗೊತ್ತು. ಆದರೆ ಹುಟ್ಟಿದಾರಭ್ಯ ಒಂದು ತುತ್ತೂ ತಿಂದಿಲ್ಲದ ಅಡುಗೆಯನ್ನು ಬಾಯಿಗಿಡದೆ ಮಾಡುವುದು ಹೇಗೆ? ಕಷ್ಟ ಇದ್ದದ್ದು ಅಲ್ಲೇ.

ಎಡೆ ಅವಳ ಗಂಡ ಮಹದೇವಯ್ಯನಿಗೆ. ಆತ ಡ್ರೈವರ್ ಆಗಿದ್ದ. ನಂಜನಗೂಡಿನ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಿಗೆ ಬಾಡಿಗೆ ಕಾರು ಓಡಿಸುವ ಏಜೆನ್ಸಿಯೊಂದರಲ್ಲಿ ಬಿಳಿ ಯೂನಿಫಾರಮ್ಮು ಹಾಕಿಕೊಂಡು ಇಪ್ಪತ್ತು ವರ್ಷ ದುಡಿದ. ಮಾತು ಕಡಿಮೆ, ತಂಟೆ ತಕರಾರು ಇಲ್ಲ. ಮನೆಯೊಳಗೆ ಒಂದು ಲೋಟ ಅತ್ತಿತ್ತ ಇಟ್ಟವನಲ್ಲ ಅನ್ನುವುದೊಂದು ಬಿಟ್ಟರೆ ಅವನ ಮೇಲೆ ಮಂಚಮ್ಮನಿಗೆ ದೂರು ಇರಲಿಲ್ಲ. ಸಾಯುವುದಕ್ಕೆ ಎರಡು ವರ್ಷ ಮುಂಚೆ ಒಂದು ಕಾರ್ಖಾನೆಗೆ ಹೊಸ ಯಂತ್ರ ಕೂರಿಸಲು ಥಾಯ್ಲೆಂಡಿನಿಂದ ಇಬ್ಬರು ಬಂದರು. ಎಂಟು ತಿಂಗಳು ನಂಜನಗೂಡಿನ ಬಡಾವಣೆಯೊಂದರಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದರು. ದೊಡ್ಡವನ ಹೆಸರು ವಿಚಾಯ್. ಬೆಳಿಗ್ಗೆ ಅವರನ್ನು ಕಾರ್ಖಾನೆಗೆ ಬಿಟ್ಟು, ಸಾಯಂಕಾಲ ಮನೆಗೆ ತಲುಪಿಸುವ ಕೆಲಸ ಮಹದೇವಯ್ಯನಿಗೆ ಬಿತ್ತು.

ಅಲ್ಲಿಂದ ಶುರುವಾಯಿತು. ಮಹದೇವಯ್ಯ ರಾತ್ರಿ ಮನೆಗೆ ಬಂದು ಕೈಕಾಲು ತೊಳೆದವನೇ, ಹೊಟ್ಟೆ ತುಂಬಿದೆ, ಅಲ್ಲೇ ಆಯಿತು ಅನ್ನುವನು. ಮಂಚಮ್ಮ ಕಟ್ಟಿಟ್ಟ ಮುದ್ದೆ ತಟ್ಟೆಯಲ್ಲೇ ಆರುತ್ತಿತ್ತು. ವಾರಕ್ಕೆ ಒಂದು ದಿನವಾದರೆ ಹೋಗಲಿ ಅನ್ನಬಹುದು. ವಾರಕ್ಕೆ ನಾಲ್ಕು ದಿನ! ಊರಿನ ಮಕ್ಕಳೆಲ್ಲ ಕೈ ನೆಕ್ಕಿಕೊಂಡು ತಿನ್ನುವ ಕೈರುಚಿ, ಕಟ್ಟಿಕೊಂಡ ಗಂಡನಿಗೆ ಬೇಡವಾಯಿತೇ ಅಂತ ಅವಳಿಗೆ ಒಳಗೊಳಗೇ ಉರಿ. ಅದಕ್ಕಿಂತ ಹೆಚ್ಚಾಗಿ ಕುತೂಹಲ. ಅಂಥದ್ದೇನು ಮಾಡುತ್ತಾರೆ ಅವರು? ಕೇಳಿಯೂ ಕೇಳಿದಳು. ಕೋಳಿ ಕೊಚ್ಚಿ, ಬೆಳ್ಳುಳ್ಳಿ ಮೆಣಸಿನಕಾಯಿ ಜಜ್ಜಿ, ಧಗಧಗ ಉರಿಯಲ್ಲಿ ಹುರಿದು, ಮೇಲೆ ಒಂದು ಹಿಡಿ ತುಳಸಿ ಹಾಕುತ್ತಾರೆ, ನೀನು ಕೈ ತೊಳೆದುಕೊಂಡು ಬಂದು ಕೂರುವುದರೊಳಗೆ ಆಗಿಹೋಗಿರುತ್ತದೆ ಅಂದ. ತುಳಸಿಯೇ ಅಂತ ಅವಳು ಎರಡು ಸಲ ಕೇಳಿದಳು. ಹೌದು ತುಳಸಿಯೇ ಅಂದ.

ಆಮೇಲೆ ಒಂದು ದಿನ, ಅವಳು ಹಿತ್ತಲಲ್ಲಿ ಪಾತ್ರೆ ಬೆಳಗುತ್ತಿದ್ದಾಗ ಹತ್ತಿರ ಬಂದು ನಿಂತು, ನಮ್ಮ ಮನೆಯಲ್ಲೂ ಅದನ್ನು ಒಂದು ದಿನ ಮಾಡಬೇಕು ಕಣೆ ಮಂಚಿ ಅಂತ ಏನೋ ಶುರು ಮಾಡಿದ. ಅವಳು ಪೂರ್ತಿ ಮಾಡಲು ಬಿಡಲಿಲ್ಲ.

"ಕೈ ಮುಗಿಯೋ ಗಿಡವ ಕೋಳಿ ಬಾಡಿಗಾಕೋರ ಮನೇಲಿ ಉಣ್ಣೋರು ಅಲ್ಲೇ ಉಂಡ್ಕಂಡು ಬನ್ನಿ. ನನ್ ಒಲೆ ತಂಟೆಗೆ ಬರ್ಬೇಡಿ" ಅಂದಳು.

ಮಹದೇವಯ್ಯ ಒಳಗೆ ಹೋದ. ಮತ್ತೆ ಆ ಮಾತು ಎತ್ತಲಿಲ್ಲ. ಥಾಯ್ಲೆಂಡಿನವರು ಯಂತ್ರ ಕೂರಿಸಿ ಊರಿಗೆ ಹೋದರು, ಮಹದೇವಯ್ಯ ಮತ್ತೆ ರಾತ್ರಿ ಮುದ್ದೆಗೆ ಬಂದ, ಎಲ್ಲ ಮೊದಲಿನಂತಾಯಿತು. ಆಮೇಲೊಂದು ಆಷಾಢದಲ್ಲಿ ಕಾರ್ಖಾನೆಯ ಗೇಟಿನ ಮುಂದೆ ಕಾರು ನಿಲ್ಲಿಸಿಕೊಂಡು ಕೂತಿದ್ದವನು ಸೀಟಿನಲ್ಲೇ ಒರಗಿದ. ಹೃದಯ ಅಂದರು ಡಾಕ್ಟರು. ಐವತ್ತಾರು ವರ್ಷ.

ಆ ವರ್ಷದ ಪಕ್ಷಕ್ಕೆ ಎಲ್ಲರಂತೆ ಎಡೆ ಇಕ್ಕಿದರು. ಮರಿ ಬಾಡಿನ ಸಾರು, ಮುದ್ದೆ, ಬೇಯಿಸಿದ ಮೊಟ್ಟೆ, ಕಜ್ಜಾಯ, ಒಂದು ಕಟ್ಟು ಬೀಡಿ. ಮರುವರ್ಷ, ಅಂದರೆ ಹೋದ ವರ್ಷ, ಹಬ್ಬಕ್ಕೆ ಮೂರು ವಾರ ಇದ್ದಾಗ ಮೂಗೂರಿನಿಂದ ಮಹದೇವಯ್ಯನ ಅಕ್ಕ ಪುಟ್ಟತಾಯಮ್ಮ ಫೋನು ಮಾಡಿದಳು. ತಮ್ಮ ಕನಸಿಗೆ ಬಂದಿದ್ದನಂತೆ. ತಟ್ಟೆಯ ಮುಂದೆ ಕೂತಿದ್ದನಂತೆ, ಉಣ್ಣಲಿಲ್ಲವಂತೆ. ನನ್ನ ತಮ್ಮ ಇಷ್ಟಪಟ್ಟಿದ್ದು ಯಾವುದೋ ಬಿಟ್ಟುಹೋಗಿದೆ, ನೆನಪು ಮಾಡಿಕೋ ಅಂತ ಹೇಳಿ ಇಟ್ಟುಬಿಟ್ಟಳು.

ಮಂಚಮ್ಮ ನೆನಪು ಮಾಡಿಕೊಳ್ಳಬೇಕಾಗಿರಲಿಲ್ಲ. ಹಿತ್ತಲಲ್ಲಿ ಆಡಿದ ಮಾತು ಮೂರು ವರ್ಷದಿಂದ ಅವಳ ಗಂಟಲಲ್ಲೇ ಕೂತಿತ್ತು. ಬದುಕಿದ್ದ ಮನುಷ್ಯ ಬಾಯಿಬಿಟ್ಟು ಕೇಳಿದ್ದು ಒಂದೇ ಅಡುಗೆ, ಅದನ್ನೂ ಮಾಡಿಕ್ಕಲಿಲ್ಲ ನಾನು ಅಂತ. ಈಗ ಮಾಡಿಕ್ಕಬೇಕು. ಮಾಡಿದರೆ ಅವನು ಅಲ್ಲಿ ಉಂಡದ್ದನ್ನೇ ಮಾಡಬೇಕು, ಅದರ ಹಾಗೆ ಇರುವ ಇನ್ನೊಂದನ್ನಲ್ಲ. ವರ್ಷಕ್ಕೆ ಬರುವವನು ತಪ್ಪು ಅಡುಗೆ ನೋಡಿ ಎದ್ದು ಹೋದರೆ?

ತನಿಖೆ ಶುರುವಾಯಿತು. ಮೊದಲು ಸಿಕ್ಕಿಬಿದ್ದವನು ರುದ್ರೇಶ, ಮಹದೇವಯ್ಯನ ಜೊತೆಗೆ ಅದೇ ಏಜೆನ್ಸಿಯಲ್ಲಿ ಡ್ರೈವರ್ ಆಗಿದ್ದವನು. ನಂಜನಗೂಡಿನಲ್ಲಿ ಮನೆ. ಅವನೂ ಆ ಬಾಡಿಗೆ ಮನೆಯಲ್ಲಿ ನಾಲ್ಕೈದು ಸಲ ಉಂಡಿದ್ದ. ಮಂಚಮ್ಮ ಒಂದು ಭಾನುವಾರ ಅವನನ್ನು ಎದುರಿಗೆ ಕೂರಿಸಿಕೊಂಡು ಪೊಲೀಸರ ಹಾಗೆ ಕೇಳಿದಳು. ಬೆಳ್ಳುಳ್ಳಿ ಸಿಪ್ಪೆ ಸುಲಿದಿದ್ದರೇ, ಸುಲಿಯದೆ ಜಜ್ಜಿದ್ದರೇ? ಮೆಣಸಿನಕಾಯಿ ಹಸಿಯದೋ, ಹಣ್ಣಾದದ್ದೋ? ಕೋಳಿ ಮೂಳೆ ಸಮೇತವೋ, ಬರೀ ಕಂಡವೋ? ರುದ್ರೇಶ ಪಾಪ, ಉಂಡವನೇ ಹೊರತು ನೋಡಿದವನಲ್ಲ. ತಾನು ಹೋಗುವಷ್ಟರಲ್ಲಿ ತಟ್ಟೆ ಬಂದಿರುತ್ತಿತ್ತು ಅಂದ. ಆದರೂ ಹೆಕ್ಕಿ ಹೆಕ್ಕಿ ಹೇಳಿದ. ಸಣ್ಣ ಸೂಜಿಮೆಣಸಿನಕಾಯಿ. ಗೋಬಿ ಅಂಗಡಿಯವರು ಹಾಕುವ ಕರೀ ಸೋಯಾ ಸಾಸು. ಮೀನಿನ ನೀರು ಅಂತ ಒಂದು ಬಾಟಲಿ, ಮೂಗು ಮುಚ್ಚಿಕೊಳ್ಳುವ ಹಾಗೆ ನಾತ, ಆದರೆ ಬಾಣಲೆಗೆ ಬಿದ್ದಮೇಲೆ ನಾತ ಎಲ್ಲಿ ಹೋಗುತ್ತಿತ್ತೋ. ಬಿಸಿ ಅನ್ನದ ಮೇಲೆ ಅದನ್ನು ಹಾಕಿ, ಅದರ ಮೇಲೆ ಅಂಚು ಗರಿಗರಿಯಾದ ಮೊಟ್ಟೆ. ಮೊದಲನೇ ತುತ್ತಿಗೇ ಕಿವಿಯಲ್ಲಿ ಹೊಗೆ ಬರುತ್ತಿತ್ತಂತೆ.

ಮೀನಿನ ನೀರು ನಂಜನಗೂಡಿನ ಯಾವ ಅಂಗಡಿಯಲ್ಲಿ ಸಿಗಬೇಕು? ಮಂಚಮ್ಮ ಸಂತೆಯಲ್ಲಿ ಒಣಮೀನು ತಂದು, ಉಪ್ಪು ಹಾಕಿ ಕುದಿಸಿ, ಬಟ್ಟೆಯಲ್ಲಿ ಸೋಸಿ, ಒಂದು ಬಾಟಲಿಗೆ ತುಂಬಿದಳು. ಅಷ್ಟು ಬುದ್ಧಿ ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮಾಡಿ ನೋಡುವುದು ಎಲ್ಲಿ ಅನ್ನುವುದು ಮುಂದಿನ ಪ್ರಶ್ನೆ. ತನ್ನ ಮನೆಯಲ್ಲಿ, ತನ್ನ ಒಲೆಯ ಮೇಲೆ ಮಾಡಿದರೆ ಅದು ಅವನ ಎಡೆಯೇ ಆಗಿಬಿಡುತ್ತದೆ, ಅವನಿಗಿಂತ ಮುಂಚೆ ಇನ್ನೊಬ್ಬರು ತಿಂದ ಹಾಗಾಗುತ್ತದೆ. ರುದ್ರೇಶನ ಮನೆಯ ಗ್ಯಾಸ್ ಒಲೆಯ ಮೇಲೆ ಮಾಡಿದರೆ ಅದು ರುದ್ರೇಶನ ಅಡುಗೆ. ಈ ನ್ಯಾಯ ಅವಳೇ ಮಾಡಿಕೊಂಡದ್ದು. ರುದ್ರೇಶ ಉಂಡು ಹೇಳಬೇಕು, ಅವಳು ಮಾತ್ರ ಬಾಯಿಗಿಡುವುದಿಲ್ಲ. ರುದ್ರೇಶನ ಹೆಂಡತಿ ವನಿತಾ ಒಲೆ ಬಿಟ್ಟುಕೊಟ್ಟು, ಏನಾಗುತ್ತದೋ ನೋಡೋಣ ಅಂತ ಬಾಗಿಲಿಗೆ ಒರಗಿ ನಿಂತಳು.

ಮೊದಲನೇ ಸಲ ಮಂಚಮ್ಮ ನಾಟಿ ಕೋಳಿ ತಂದಳು. ಹಿರೀಕರ ಹೆಸರಿನಲ್ಲಿ ಫಾರಂ ಕೋಳಿ ಕೊಯ್ಯುವುದು ಅಂದರೆ ಮಾನ ಹೋದಂತೆ. ನಾಟಿ ಕೋಳಿಯೋ ಸ್ವಾಭಿಮಾನದ್ದು, ಮೂರು ನಿಮಿಷಕ್ಕೆಲ್ಲ ಬಗ್ಗುವುದಿಲ್ಲ. ಹುರಿದಳು, ಹುರಿದಳು, ಹಲ್ಲಿಗೆ ಬಗ್ಗುವ ಲಕ್ಷಣವೇ ಕಾಣಲಿಲ್ಲ. ಹದಿನೆಂಟು ವರ್ಷದ ಕೈ ತಾನಾಗಿಯೇ ಒಂದು ಚೊಂಬು ನೀರು ಸುರಿಯಿತು, ತಟ್ಟೆ ಮುಚ್ಚಿತು, ಉರಿ ತಗ್ಗಿಸಿತು. ಮುಕ್ಕಾಲು ಗಂಟೆ ಆದಮೇಲೆ, ಪೂಜೆಯ ತುಳಸಿ ಬೇಡವೆಂದು ಹೂವಿನ ಅಂಗಡಿಯಿಂದ ತಂದಿದ್ದ ಕಾಮಕಸ್ತೂರಿ ಸೊಪ್ಪು ಹಾಕಿ ಇಳಿಸಿದಳು. ರುದ್ರೇಶ ಎರಡು ಸಲ ಬಡಿಸಿಕೊಂಡು ಉಂಡ. ಚೆನ್ನಾಗಿದೆ ಅಕ್ಕ, ಆದರೆ ಇದು ನಾಟಿ ಕೋಳಿ ಸಾರು, ಹೂವಿನ ವಾಸನೆ ಒಂದು ಹೆಚ್ಚು ಅಂದ. ವನಿತಾ ಬಾಗಿಲಲ್ಲಿ ಬಾಯಿಗೆ ಸೆರಗು ಅಡ್ಡ ಹಿಡಿದಳು.

ಎರಡನೇ ಸಲ ಮಾನ ಬದಿಗಿಟ್ಟು ಫಾರಂ ಕೋಳಿ. ಉರಿ ಪೂರ್ತಿ. ಸೂಜಿಮೆಣಸಿನಕಾಯಿ ಬಾಣಲೆಗೆ ಬಿತ್ತು ನೋಡಿ, ಘಾಟು ಎದ್ದು ಬೀದಿಯವರೆಲ್ಲ ಕೆಮ್ಮಿದರು, ಎದುರು ಮನೆಯವರು ಬಂದು ಏನು ಸುಡ್ತಾ ಇದ್ದೀರಿ ಅಂತ ಕೇಳಿಕೊಂಡು ಹೋದರು. ಆ ಹೊಗೆಯೊಳಗೆ ನಿಂತು ಮಂಚಮ್ಮ ಮೊದಲ ಸಲ ಏನೋ ಒಂದು ವಾಸನೆ ಹಿಡಿದಳು. ಬೆಳ್ಳುಳ್ಳಿಯದು ಗೊತ್ತು, ಮೆಣಸಿನದು ಗೊತ್ತು, ಮೀನಿನದೂ ಗೊತ್ತು. ಮೂರೂ ಸುಟ್ಟು ಸೇರಿದ ಮೇಲೆ ಬಂದದ್ದು ಮಾತ್ರ ಗೊತ್ತಿರಲಿಲ್ಲ. ಸೌಟಿನಿಂದ ಒಂದು ಹನಿ ಮಣಿಕಟ್ಟಿಗೆ ಸಿಡಿಯಿತು. ನೆಕ್ಕಿದರೆ ಮುಗಿಯಿತು, ಗಂಡನನ್ನು ಎಂಟು ತಿಂಗಳು ಹಿಡಿದಿಟ್ಟದ್ದು ಏನು ಅಂತ ಗೊತ್ತಾಗಿಬಿಡುತ್ತದೆ. ಬಾಯಲ್ಲಿ ನೀರೂ ಬಂತು. ಸೆರಗಿಗೆ ಒರೆಸಿಕೊಂಡಳು. ರುದ್ರೇಶ ತಿಂದು, ಹತ್ತಿರ ಬಂದಿದೆ, ಆದರೆ ಅದಲ್ಲ ಅಂದ. ಸೊಪ್ಪಿನ ಘಮ ಬೇರೆ, ಕೋಳಿ ನೀರು ಬಿಟ್ಟುಕೊಂಡಿದೆ, ಇನ್ನೂ ಏನೋ ಇದೆ, ಏನು ಅಂತ ನನಗೆ ಹೇಳಲು ಬರುವುದಿಲ್ಲ ಅಂತ ಕೈಚೆಲ್ಲಿದ.

ಹಬ್ಬಕ್ಕೆ ನಾಲ್ಕು ದಿನ ಉಳಿದಿತ್ತು. ಮಗಳು ಯಶೋಧರಾ ಮೈಸೂರಿನ ಆಸ್ಪತ್ರೆಯೊಂದರಲ್ಲಿ ನರ್ಸು, ರಜ ಹಾಕಿ ಬಂದಳು. ಅವಳಿಗೆ ಎಡೆ ಗಿಡೆಯಲ್ಲಿ ನಂಬಿಕೆ ಇಲ್ಲ. ಅಪ್ಪ ಬಂದು ಉಣ್ಣುವುದಿಲ್ಲ ಅಮ್ಮ, ಉಣ್ಣುವವರು ನಾವೇ ಅಂತ ಪ್ರತಿ ವರ್ಷ ಹೇಳುವವಳು. ಆದರೆ ಅಮ್ಮ ಈ ಸಲ ಊಟ ಬಿಟ್ಟು ಬಾಣಲೆಯ ಮುಂದೆ ಯೋಚನೆ ಮಾಡಿಕೊಂಡು ಕೂತಿರುವುದನ್ನು ನೋಡಿ ಆ ಮಾತನ್ನು ಬದಿಗಿಟ್ಟಳು. ರುದ್ರೇಶನ ಫೋನಿನಲ್ಲಿ ವಿಚಾಯ್ ನಂಬರು ಇದೆಯೇ ಅಂತ ಕೇಳಿದಳು. ಇತ್ತು. ಹೊಸ ವರ್ಷಕ್ಕೊಂದು ಹೂವಿನ ಚಿತ್ರ ಕಳಿಸುತ್ತಿದ್ದನಂತೆ. ಯಶೋಧರಾ ತನ್ನ ಫೋನಿನಿಂದ ಅವನಿಗೆ ಇಂಗ್ಲಿಷಿನಲ್ಲಿ ಒಂದು ಮೆಸೇಜು ಹಾಕಿದಳು. ಒಂದು ದಿನ ಆಯಿತು, ಎರಡು ದಿನ ಆಯಿತು, ಉತ್ತರ ಇಲ್ಲ.

ಅಮಾವಾಸ್ಯೆಯ ದಿನ ಬೆಳಿಗ್ಗೆ ಎಂಟು ಗಂಟೆ. ಪುಟ್ಟತಾಯಮ್ಮ ಮೂಗೂರಿನಿಂದ ಮೊದಲ ಬಸ್ಸಿಗೇ ಬಂದಿಳಿದು, ಜಗಲಿಯಲ್ಲಿ ಕೂತು ಬಾಳೆಲೆ ಒರೆಸುತ್ತಿದ್ದಳು. ಮಂಚಮ್ಮ ಕಜ್ಜಾಯ ಕರಿಯುತ್ತಿದ್ದಳು. ಆಗ ಯಶೋಧರಾಳ ಫೋನು ಹೊಡೆದುಕೊಂಡಿತು, ವಿಡಿಯೋ ಕಾಲು. ತೆರೆದರೆ ನಲವತ್ತೈದು ವರ್ಷದ ದುಂಡು ಮುಖದ ಮನುಷ್ಯ, ತಲೆಗೆ ಕಾರ್ಖಾನೆಯ ಟೋಪಿ. ಎರಡೂ ಕೈ ಜೋಡಿಸಿ, ನಮಸ್ಕಾರ, ಊಟ ಆಯ್ತಾ ಅಂದ. ಎಂಟು ಗಂಟೆಗೆ ಊಟವೇನು ಅಂತ ಪುಟ್ಟತಾಯಮ್ಮ ಗೊಣಗಿದಳು.

ಮಹದೇವಯ್ಯ ಹೋದದ್ದು ವಿಚಾಯ್‌ಗೆ ಗೊತ್ತಿರಲಿಲ್ಲ. ಯಶೋಧರಾ ಹೇಳಿದಾಗ ಟೋಪಿ ತೆಗೆದ. ಆಮೇಲೆ ಯಶೋಧರಾ ವಿಷಯ ಹೇಳಿದಳು. ನಮ್ಮಮ್ಮನಿಗೆ ಆ ಅಡುಗೆ ಮಾಡುವುದು ಗೊತ್ತಾಗಬೇಕು, ನೀವು ಹೇಗೆ ಮಾಡುತ್ತಿದ್ದಿರಿ ಹೇಳಿ ಅಂತ. ಅವನು ತನ್ನ ಹರಕು ಇಂಗ್ಲಿಷಿನಲ್ಲಿ ಏನೋ ಹೇಳಿದ. ಯಶೋಧರಾ ಮತ್ತೆ ಕೇಳಿದಳು. ಅವನು ಮತ್ತೆ ಅದನ್ನೇ ಹೇಳಿದ.

"ಅಮ್ಮ" ಅಂದಳು ಯಶೋಧರಾ, "ಮಾಡ್ತಿದ್ದಿದ್ದು ತಾನಲ್ಲ, ನಮ್ಮಪ್ಪ ಅಂತಾವ್ರೆ."

ಮಂಚಮ್ಮ ಜಾಲರಿ ಸೌಟು ಹಿಡಿದುಕೊಂಡೇ ಎದ್ದು ಬಂದಳು. ಅವರು ಬೇರೆ ಯಾರನ್ನೋ ನೆನೆಸಿಕೊಂಡು ಹೇಳುತ್ತಿದ್ದಾರೆ, ಸರಿಯಾಗಿ ಕೇಳು ಅಂದಳು. ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ಕಾಫಿಗೆ ನೀರಿಟ್ಟವನಲ್ಲ ಆ ಮನುಷ್ಯ. ಆದರೆ ವಿಚಾಯ್ ಬಿಡಿಸಿ ಬಿಡಿಸಿ ಹೇಳಿದ. ಮೊದಲನೇ ತಿಂಗಳು ತಾನು ಅಡುಗೆ ಮಾಡುವಾಗ ಮಹದೇವಯ್ಯ ಪಕ್ಕದಲ್ಲಿ ಕೈಕಟ್ಟಿಕೊಂಡು ನೋಡುತ್ತಿದ್ದನಂತೆ. ಎರಡನೇ ತಿಂಗಳು ಬೆಳ್ಳುಳ್ಳಿ ಜಜ್ಜಲು ಶುರು ಮಾಡಿದನಂತೆ. ಆಮೇಲೆ ಇವರಿಬ್ಬರು ಕೆಲಸ ಮಾಡಿ ಸುಸ್ತಾಗಿ ಬಂದರೆ, ಕೂತುಕೊಳ್ಳಿ ಅಂತ ಕೈಯಲ್ಲೇ ಸನ್ನೆ ಮಾಡಿ ತಾನೇ ಒಲೆಯ ಮುಂದೆ ನಿಂತನಂತೆ. ಮೀನಿನ ನೀರಿನ ಬಾಟಲಿ ಮುಗಿದಾಗ ಸಂತೆಯಿಂದ ಒಣಮೀನು ತಂದು ಕುದಿಸಿ ಸೋಸಿಕೊಟ್ಟನಂತೆ. ಮನೆಯ ಓನರಿನ ತುಳಸಿಕಟ್ಟೆಯಿಂದ ವಿಚಾಯ್ ಎಲೆ ಕೀಳಲು ಹೋದರೆ ಕೈ ಹಿಡಿದು ತಡೆದು, ಕೈಮುಗಿದು ತೋರಿಸಿ, ಬೇಡ ಅಂದನಂತೆ. ಮಾರನೇ ದಿನದಿಂದ ತಾನೇ ನಾಲೆ ಏರಿಯ ಮೇಲೆ ಬೆಳೆಯುವ, ಪೂಜೆಗೆ ಇಡದ ನಾಯಿತುಳಸಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ತುಂಬಿಕೊಂಡು ಬರುತ್ತಿದ್ದನಂತೆ. ಅದೇ ಇನ್ನೂ ಚೆನ್ನಾಗಿತ್ತು ಅಂದ ವಿಚಾಯ್.

ಮಂಚಮ್ಮನಿಗೆ ನಂಬಿಕೆ ಬರಲಿಲ್ಲ. ಅದು ಅವಳ ಮುಖದಲ್ಲೇ ಕಂಡಿತೋ ಏನೋ, ವಿಚಾಯ್ ಫೋನು ಇಟ್ಟು ಒಂದು ವಿಡಿಯೋ ಕಳಿಸಿದ. ತನ್ನ ಹೆಂಡತಿಗೆ ತೋರಿಸಲು ಅವತ್ತು ತೆಗೆದಿಟ್ಟದ್ದಂತೆ. ಜೊತೆಗೆ ಒಂದು ಸಾಲು ಬರೆದಿದ್ದ. ಇದರಲ್ಲಿ ಮಹದೇವಯ್ಯ ಏನೋ ಹೇಳುತ್ತಾರೆ, ಏನು ಅಂತ ಮೂರು ವರ್ಷದಿಂದ ನನಗೆ ಗೊತ್ತಿಲ್ಲ, ದಯವಿಟ್ಟು ಹೇಳಿ ಅಂತ.

ಮೂವರು ಹೆಂಗಸರೂ ಫೋನಿನ ಮೇಲೆ ಬಗ್ಗಿದರು. ಬಿಳಿ ಯೂನಿಫಾರಮ್ಮಿನ ತೋಳು ಮಡಿಸಿಕೊಂಡು, ಹೆಗಲ ಮೇಲೆ ಟವಲು ಹಾಕಿಕೊಂಡು, ಮಹದೇವಯ್ಯ ಒಲೆಯ ಮುಂದೆ ನಿಂತಿದ್ದಾನೆ. ಬಾಣಲೆಯಿಂದ ಹೊಗೆ. ಅವನ ಕೈ ಎಲ್ಲೂ ತಡವರಿಸುವುದಿಲ್ಲ. ಫೋನು ಹಿಡಿದವನು ಹಿಂದಿನಿಂದ ಏನೋ ಕೇಳುತ್ತಾನೆ. ಮಹದೇವಯ್ಯ ತಿರುಗಿ, ಹಣೆಯ ಬೆವರು ಟವಲಿನಲ್ಲಿ ಒರೆಸಿಕೊಂಡು, ನಗುತ್ತಾ ಹೇಳುತ್ತಾನೆ.

"ಇದ ಕಲ್ತಿರಾದೇ ನಮ್ ಮಂಚಿಗೆ ಮಾಡಿಕ್ಕಾಕೆ ಕಣಪ್ಪ. ಊರ್ ಮಕ್ಕಳ್ಗೆಲ್ಲಾ ಬೇಯ್ಸಾಕ್ತಾಳೆ, ನಂಗೂ ಬೇಯ್ಸಾಕ್ತಾಳೆ. ಅವಳ್ಗೆ ಒಂದಿನಾನಾರ ಯಾರ್ ಮಾಡಿಕ್ಕವ್ರೆ? ಕೇಳಾಕೋದ್ರೆ ಒಲೆ ತಂಟೆಗೇ ಬರ್ಬೇಡಿ ಅಂತಾಳೆ."

ಅಷ್ಟು ಹೇಳಿ ಮತ್ತೆ ಬಾಣಲೆಯ ಕಡೆ ತಿರುಗಿ ಅಡುಗೆ ಮುಗಿಸುತ್ತಾನೆ. ವಿಡಿಯೋ ಮುಗಿಯಿತು.

ಪುಟ್ಟತಾಯಮ್ಮ ಗೋಳೋ ಅಂತ ಅತ್ತಳು. ಯಶೋಧರಾ ಗೋಡೆ ಕಡೆ ತಿರುಗಿದಳು. ಮಂಚಮ್ಮ ಅಳಲಿಲ್ಲ. ಎಣ್ಣೆಯಲ್ಲಿ ಕಜ್ಜಾಯ ಕರಕಲಾಗಿದ್ದನ್ನು ಹೋಗಿ ತೆಗೆದು ಹಾಕಿ ಬಂದು, ಇನ್ನೊಂದು ಸಲ ಹಾಕು ಅಂದಳು. ಇನ್ನೊಂದು ಸಲ. ಮತ್ತೊಂದು ಸಲ. ಅವಳಿಗೆ ಸಂಕಟವೂ ಆಗಿತ್ತು, ತನ್ನ ಮೇಲೆಯೇ ಸಿಟ್ಟೂ ಬಂದಿತ್ತು. ಅದರ ಜೊತೆಗೆ, ಹೇಳಿದರೆ ಯಾರೂ ನಂಬುವುದಿಲ್ಲ, ಎಂಥ ಕೈ ಈ ಮನುಷ್ಯನದು ಅಂತ ಹೊಟ್ಟೆಕಿಚ್ಚೂ ಆಗಿತ್ತು. ನಾಲ್ಕನೇ ಸಲದಿಂದ ಮುಖ ನೋಡುವುದು ಬಿಟ್ಟು ಕೈ ನೋಡಿದಳು. ಆರನೇ ಸಲಕ್ಕೆ ಅವಳಿಗೆ ಎಲ್ಲ ಸಿಕ್ಕಿತು. ಬಾಣಲೆ ಖಾಲಿ ಇರುವಾಗಲೇ ಹೊಗೆಯಾಡುವಷ್ಟು ಕಾಯಬೇಕು. ಕೋಳಿ ಹಾಕಿದ ಮೇಲೆ ಕೈಯಾಡಿಸಬಾರದು, ಒಂದು ಮಗ್ಗುಲು ಸೀಯಲು ಬಿಡಬೇಕು. ತಾನು ಸುಮ್ಮನಿರಲಾರದೆ ಸೌಟು ಆಡಿಸಿದ್ದಕ್ಕೇ ಅವತ್ತು ನೀರು ಬಿಟ್ಟುಕೊಂಡದ್ದು. ಚಿಟಿಕೆ ಸಕ್ಕರೆ ಬೀಳಬೇಕು. ಸೊಪ್ಪು ಒಲೆ ಆರಿಸಿದ ಮೇಲೆಯೇ.

ವಿಚಾಯ್‌ಗೆ ಏನು ಉತ್ತರ ಬರೆಯಲಿ ಅಂತ ಯಶೋಧರಾ ಕೇಳಿದಳು. ನಿಮ್ಮಪ್ಪ ಹೇಳಿದ್ದನ್ನು ಇದ್ದ ಹಾಗೇ ಬರಿ, ನನ್ನ ಬೈದದ್ದನ್ನೂ ಸೇರಿಸಿ ಬರಿ ಅಂದಳು ಮಂಚಮ್ಮ. ಚೀಲ ತೆಗೆದುಕೊಂಡು ನಾಲೆ ಏರಿಗೆ ಹೋದಳು.

ಹನ್ನೊಂದು ಗಂಟೆಗೆ ಎಡೆ ಸಿದ್ಧವಾಯಿತು. ಹೊಸ ಪಂಚೆ, ಹೊಸ ಷರಟು, ಬಾಳೆಲೆಯ ಮೇಲೆ ಮುದ್ದೆ, ಸಾರು, ಕಜ್ಜಾಯ. ಅದೊಂದು ಬಿಟ್ಟು ಎಲ್ಲ ಬಡಿಸಿಯಾಗಿತ್ತು. ಮಂಚಮ್ಮ ಬಾಣಲೆ ಇಟ್ಟು, ಕಾಯುವವರೆಗೂ ಅಲ್ಲಾಡದೆ ನಿಂತಳು. ಬೆಳ್ಳುಳ್ಳಿ ಮೆಣಸಿನಕಾಯಿ ಬಿತ್ತು, ಮನೆಯೆಲ್ಲ ಕೆಮ್ಮಿತು. ಕೋಳಿ ಬಿತ್ತು. ಸೌಟಿನ ಕಡೆ ಹೋದ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಸೀಯುವ ಸದ್ದು ಕೇಳಿದಳು. ತಿರುವಿದಳು, ಕರೀ ಸಾಸು, ಮೀನಿನ ನೀರು, ಚಿಟಿಕೆ ಸಕ್ಕರೆ. ಒಲೆ ಆರಿಸಿ ನಾಯಿತುಳಸಿ ಸುರಿದಳು. ಎಲೆ ಬಾಡಿ ಘಮ್ಮೆಂದಿತು. ಮೂರು ನಿಮಿಷ ಪೂರ್ತಿ ಆಗಿರಲಿಲ್ಲ. ಪಕ್ಕದ ಒಲೆಯಲ್ಲಿ ಯಶೋಧರಾ ಮೊಟ್ಟೆ ಕರಿದಳು.

ಪುಟ್ಟತಾಯಮ್ಮ ಎಡೆಗೆ ಬಡಿಸಲು ಬಾಣಲೆಗೆ ಕೈ ಹಾಕಿದಳು. ಮಂಚಮ್ಮ, ತಡೀರಿ ಅಕ್ಕ ಅಂದಳು. ಗೂಡಿನಿಂದ ತನ್ನ ಸ್ಟೀಲ್ ತಟ್ಟೆ ತೆಗೆದಳು, ಒಲೆಯ ಮುಂದೆ ನೆಲದ ಮೇಲೆ ಕೂತಳು, ತಟ್ಟೆಯನ್ನು ಮಗಳ ಮುಂದೆ ಚಾಚಿ ಇಕ್ಕು ಅಂದಳು. ಯಶೋಧರಾ ಅಮ್ಮನ ಮುಖ ನೋಡಿದಳು. ಬಿಸಿ ಅನ್ನ ಹಾಕಿದಳು, ಅದರ ಮೇಲೆ ಕೋಳಿ, ಅದರ ಮೇಲೆ ಮೊಟ್ಟೆ. ಮಂಚಮ್ಮ ಕಲಸಿ, ತುತ್ತು ಮಾಡಿ, ಬಾಯಿಗಿಟ್ಟಳು.

ಎಡೆ ಇಕ್ಕುವ ಮುಂಚೆಯೇ ಎಂಜಲು ಮಾಡಿದಳಲ್ಲ ಅಂತ ಪುಟ್ಟತಾಯಮ್ಮ ಎದೆಯ ಮೇಲೆ ಕೈ ಇಟ್ಟುಕೊಂಡಳು. ಈ ಮನೆಗೆ ಸೊಸೆಯಾಗಿ ಬಂದ ದಿನದಿಂದ ಗಂಡ ಉಂಡ ಮೇಲೆಯೇ ಉಂಡವಳು, ಅವನಿಲ್ಲದಾಗ ಇದೇನು ಮಾಡಿದೆ ಅಂತ ಕೇಳಿದಳು.

"ಇದು ನಾನ್ ಅವ್ರಿಗೆ ಮಾಡಿದ್ದಲ್ಲ ಅಕ್ಕ, ಅವ್ರು ನಂಗೆ ಮಾಡಿಕ್ಕಿರಾದು" ಅಂದಳು ಮಂಚಮ್ಮ. "ನಾನು ಉಣ್ದೆ ಕೂತ್ರೆ ಅವ್ರು ಎಂಗ್ ಉಣ್ತಾರೆ?"

ಪುಟ್ಟತಾಯಮ್ಮ ಎದೆಯ ಮೇಲಿನ ಕೈ ತೆಗೆದಳು. ಮಂಚಮ್ಮ ಇನ್ನೊಂದು ತುತ್ತು ಉಂಡಳು, ಮತ್ತೊಂದು ಉಂಡಳು. ಖಾರಕ್ಕೆ ಕಣ್ಣಲ್ಲಿ ನೀರು, ಮೂಗಲ್ಲಿ ನೀರು, ತಲೆಯೆಲ್ಲ ಬೆವರು. ಎಂಟು ತಿಂಗಳು ಅವಳ ಮುದ್ದೆ ಆರಿಸಿದ ರುಚಿ ಕೊನೆಗೂ ನಾಲಗೆಗೆ ಬಿದ್ದಿತ್ತು. ತಟ್ಟೆ ಖಾಲಿಯಾಗುವವರೆಗೂ ತಲೆ ಎತ್ತಲಿಲ್ಲ. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು, ಉಪ್ಪು ಒಂಚೂರು ಮುಂದಾಗಿದೆ ಅಂದಳು. ಹಾಗೆಂದು ತಟ್ಟೆಯನ್ನು ಮತ್ತೆ ಚಾಚಿದಳು. ಈ ಸಲ ಬಡಿಸಿದವಳು ಪುಟ್ಟತಾಯಮ್ಮ.

"ಈಗ ನಿಮ್ ತಮ್ಮಂಗೆ ಇಕ್ಕಿ ಅಕ್ಕ" ಅಂದಳು ಮಂಚಮ್ಮ.